‘ಇಂಟರ್‌ನೀಸೈನ್’: ಒಂದು ಕಷ್ಟದ ಇಂಗ್ಲಿಷ್ ಪದವನ್ನು ಪಳಗಿಸಿಕೊಳ್ಳುವುದು, ಹಂತ ಹಂತವಾಗಿ

ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದುತ್ತಿರುತ್ತೀರಿ. ಯಾವುದೋ ಪಕ್ಷದ ಒಳಜಗಳದ ಮಾತು ಬಂದಾಗ ‘ಇಂಟರ್‌ನೀಸೈನ್’ ಅನ್ನುವ ಪದ ಎದುರಾಗುತ್ತದೆ. ‘ಇಂಟರ್’ ಅಂತ ಶುರುವಾಗಿದೆ, ‘ಇಂಟರ್ನಲ್’ ಅನ್ನುವ ಅರ್ಥವೇ ಇರಬೇಕು ಅಂದುಕೊಂಡು ಮುಂದಿನ ಸಾಲಿಗೆ ಹೋಗಿಬಿಡುತ್ತೀರಿ. ಹೆಚ್ಚಿನವರು ಮಾಡುವುದು ಇದನ್ನೇ. ಆ ಊಹೆ ಅರ್ಧ ಸರಿ. ಬಿಟ್ಟುಹೋದ ಅರ್ಧದಲ್ಲೇ ಈ ಪದದ ಜೀವ ಇದೆ. ಸ್ಪರ್ಧಾತ್ಮಕ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಅಂಕ ಹೋಗುವುದೂ ಅಲ್ಲೇ, ಅನುವಾದ ಸಪ್ಪೆಯಾಗುವುದೂ ಅಲ್ಲೇ.

ಭಯಪಡಬೇಡಿ. ಒಂದು ಸಂಜೆ ಬಿಡುವು ಮಾಡಿಕೊಂಡು ಕೂತರೆ ಈ ಪದ ನಿಮ್ಮದಾಗುತ್ತದೆ. ಬೇಕಾಗುವುದು ಒಂದು ನೋಟ್‌ಬುಕ್, ಒಂದು ಪೆನ್ನು, ಡಿಕ್ಷನರಿ ಆ್ಯಪ್ ಇರುವ ಮೊಬೈಲ್. ವ್ಯಾಕರಣ ಮರೆತುಹೋಗಿದ್ದರೂ ಚಿಂತೆಯಿಲ್ಲ. ಇದು ವಿಶೇಷಣ, ಅಂದರೆ ಇನ್ನೊಂದು ಪದ ಎಂಥದ್ದು ಎಂದು ಹೇಳುವ ಪದ. ‘ಕೆಂಪು ಸೀರೆ’ ಅನ್ನುವಾಗ ‘ಕೆಂಪು’ ವಿಶೇಷಣ. ಸದ್ಯಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ಹಂತ 1: ಪದವನ್ನು ಕೈಯಿಂದ ಬರೆಯಿರಿ

ನೋಟ್‌ಬುಕ್ಕಿನ ಹೊಸ ಪುಟ ತೆಗೆದು, ಇಂಗ್ಲಿಷ್ ಅಕ್ಷರಗಳನ್ನು ಮೂರು ತುಂಡು ಮಾಡಿ ಬರೆಯಿರಿ. ಮೊದಲ ತುಂಡು ಐ-ಎನ್-ಟಿ-ಇ-ಆರ್. ಎರಡನೆಯದು ಎನ್-ಇ-ಸಿ. ಮೂರನೆಯದು ಐ-ಎನ್-ಇ. ಈಗ ಮೂರನ್ನೂ ಕೂಡಿಸಿ ಒಟ್ಟಿಗೆ ಬರೆಯಿರಿ.

ಎಚ್ಚರ: ನಡುವಿನ ತುಂಡಿನಲ್ಲಿ ಇರುವುದು ‘ಸಿ’, ‘ಎಸ್’ ಅಲ್ಲ. ಅವಸರದಲ್ಲಿ ‘ಎನ್-ಇ’ ಬಿಟ್ಟು ‘ಇಂಟರ್‌ಸೈನ್’ ಅಂತ ಬರೆದುಬಿಡುವವರೂ ಇದ್ದಾರೆ. ಆ ನಡುವಿನ ತುಂಡಿನ ಕೆಳಗೆ ಒಂದು ಗೆರೆ ಎಳೆದಿಡಿ. ನಾಲ್ಕನೇ ಹಂತದಲ್ಲಿ ಅದು ಬೇಕಾಗುತ್ತದೆ.

ಹಂತ 2: ಬಾಯಿಬಿಟ್ಟು ಹೇಳಿ

ಡಿಕ್ಷನರಿ ಆ್ಯಪ್ ತೆರೆದು ಪದ ಟೈಪ್ ಮಾಡಿ, ಸ್ಪೀಕರ್ ಚಿತ್ರದ ಮೇಲೆ ಒತ್ತಿ. ಬ್ರಿಟಿಷ್ ಉಚ್ಚಾರಣೆಯಲ್ಲಿ ‘ಇಂಟ-ನೀ-ಸೈನ್’ ಅಂತ ಕೇಳಿಸುತ್ತದೆ, ಒತ್ತು ‘ನೀ’ ಮೇಲೆ. ಅಮೆರಿಕದವರು ‘ಇಂಟರ್-ನೆ-ಸೀನ್’ ಅನ್ನುವುದು ಹೆಚ್ಚು. ಆ್ಯಪ್ ಬದಲಾಯಿಸಿದರೆ ಇನ್ನೊಂದೆರಡು ಬಗೆಯೂ ಕೇಳಿಸಬಹುದು. ಗಾಬರಿ ಬೇಡ, ನಿಮ್ಮ ಕಿವಿ ಸರಿಯಾಗಿಯೇ ಇದೆ. ಈ ಪದಕ್ಕೆ ಒಂದಕ್ಕಿಂತ ಹೆಚ್ಚು ಒಪ್ಪಿತ ಉಚ್ಚಾರಣೆಗಳಿವೆ. ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ನಾನು ಇಲ್ಲಿ ‘ಇಂಟರ್‌ನೀಸೈನ್’ ಅಂತಲೇ ಬರೆಯುತ್ತೇನೆ.

ಹಂತ 3: ಅರ್ಥಕ್ಕೆ ಎರಡು ಚೌಕ ಹಾಕಿ

ಪದದ ಕೆಳಗೆ ಎರಡು ಚೌಕ ಬರೆಯಿರಿ. ಮೊದಲ ಚೌಕದೊಳಗೆ ‘ಒಂದೇ ಮನೆಯವರು’ ಅಂತ ಬರೆಯಿರಿ. ಎರಡನೆಯದರೊಳಗೆ ‘ಎಲ್ಲರಿಗೂ ನಾಶ’ ಅಂತ ಬರೆಯಿರಿ. ಒಂದೇ ಗುಂಪು, ಒಂದೇ ಪಕ್ಷ, ಒಂದೇ ರಾಜವಂಶ ಅಥವಾ ಒಂದೇ ಸಂಸ್ಥೆಯ ಜನ ತಮ್ಮತಮ್ಮಲ್ಲೇ ಹೊಡೆದಾಡಿ, ಗೆದ್ದವರು ಸೋತವರು ಅನ್ನದೆ ಇಡೀ ಮನೆಯನ್ನೇ ಹಾಳುಮಾಡಿಕೊಳ್ಳುತ್ತಾರಲ್ಲ, ಅಂಥ ಜಗಳ ಇಂಟರ್‌ನೀಸೈನ್. ಎರಡೂ ಚೌಕಕ್ಕೆ ಟಿಕ್ ಬಿದ್ದರೆ ಮಾತ್ರ ಈ ಪದ ಬಳಸಿ. ಒಂದೇ ಚೌಕಕ್ಕೆ ಬಿದ್ದರೆ ಬೇರೆ ಪದ ಹುಡುಕಬೇಕು.

ಇದನ್ನು ಮನಸ್ಸಿಗೆ ಹತ್ತಿಸಲು ಮಹಾಭಾರತದ ಮೌಸಲ ಪರ್ವಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಕುರುಕ್ಷೇತ್ರ ಮುಗಿದು ವರ್ಷಗಳಾಗಿವೆ. ಯಾದವರೆಲ್ಲ ಪ್ರಭಾಸದ ಸಮುದ್ರತೀರದಲ್ಲಿ ಸೇರಿ ಕುಡಿಯುತ್ತಿದ್ದಾರೆ. ಸಾತ್ಯಕಿ ಯುದ್ಧದಲ್ಲಿ ಪಾಂಡವರ ಕಡೆ ಇದ್ದವನು, ಕೃತವರ್ಮ ಕೌರವರ ಕಡೆ. ಇಬ್ಬರೂ ಬದುಕಿ ಮನೆಗೆ ಬಂದವರು. ಅಮಲಿನಲ್ಲಿ ಸಾತ್ಯಕಿ, ಮಲಗಿದ್ದವರನ್ನು ಕೊಂದ ಕ್ಷತ್ರಿಯ ನೀನಲ್ಲವೇ ಎಂದು ಕೆಣಕುತ್ತಾನೆ. ಕೃತವರ್ಮ ಸುಮ್ಮನಿರುತ್ತಾನೆಯೇ? ಕೈ ಕಡಿದುಹೋಗಿ ಪ್ರಾಯೋಪವೇಶಕ್ಕೆ ಕೂತಿದ್ದ ಭೂರಿಶ್ರವನ ಕೊರಳು ಕೊಯ್ದದ್ದು ಯಾರು ಎಂದು ತಿರುಗಿ ಕೇಳುತ್ತಾನೆ. ಸಾತ್ಯಕಿಯ ಕತ್ತಿ ಕೃತವರ್ಮನ ತಲೆ ಹಾರಿಸುತ್ತದೆ. ಕೃತವರ್ಮನ ಕಡೆಯವರು ಎಂಜಲು ಪಾತ್ರೆಗಳನ್ನೇ ಎತ್ತಿಕೊಂಡು ಸಾತ್ಯಕಿಯ ಮೇಲೆ ಬೀಳುತ್ತಾರೆ. ಬಿಡಿಸಲು ಹೋದ ಕೃಷ್ಣನ ಮಗ ಪ್ರದ್ಯುಮ್ನನೂ ಸಾಯುತ್ತಾನೆ. ಆಮೇಲೆ ದಡದಲ್ಲಿ ಬೆಳೆದಿದ್ದ ಜೊಂಡು ಹುಲ್ಲು ಕಿತ್ತರೆ, ಋಷಿಗಳ ಶಾಪದ ಫಲವಾಗಿ, ಅದೇ ಒನಕೆಯಾಗುತ್ತದೆ. ಅಪ್ಪ ಮಗನನ್ನು, ಮಗ ಅಪ್ಪನನ್ನು ಬಡಿದು ಕೊಲ್ಲುತ್ತಾರೆ. ಹೊರಗಿನ ಶತ್ರು ಒಬ್ಬನೂ ಇಲ್ಲದೆ ಯದುಕುಲ ಮುಗಿಯುತ್ತದೆ.

ನಮ್ಮ ಪತ್ರಿಕೆಗಳು ಇಂಥ ಜಗಳಕ್ಕೆ ‘ಯಾದವೀ ಕಲಹ’ ಅನ್ನುತ್ತವೆ. ಎರಡೂ ಚೌಕ ಪೂರ್ತಿ ತುಂಬುವ ಕನ್ನಡದ ಮಾತು ಅದು. ಪುಟದ ಮೇಲ್ಗಡೆ ದೊಡ್ಡದಾಗಿ ಬರೆದಿಡಿ.

ಹಂತ 4: ಗೆರೆ ಎಳೆದ ತುಂಡನ್ನು ನೋಡಿ

ಆ ‘ನೆಕ್’ ಲ್ಯಾಟಿನ್‌ನ ‘ನೆಕಾರೆ’ಯಿಂದ ಬಂದದ್ದು. ‘ಕೊಲ್ಲು’ ಅಂತ ಅರ್ಥ. ನಮ್ಮ ‘ನಾಶ’ಕ್ಕೆ ಮೂಲವಾದ ಸಂಸ್ಕೃತದ ‘ನಶ್’ ಕೂಡ ಇದೇ ಬಳ್ಳಿಯದು ಎಂದು ಭಾಷಾವಿಜ್ಞಾನಿಗಳು ತೋರಿಸಿದ್ದಾರೆ. ‘ನೆಕ್’ ಕಂಡಕೂಡಲೇ ‘ನಾಶ’ ನೆನಪಾದರೆ ಎರಡನೇ ಚೌಕ ಎಂದೂ ಮರೆಯುವುದಿಲ್ಲ.

‘ಇಂಟರ್’ ಕಥೆ ಬೇರೆ. ಲ್ಯಾಟಿನ್‌ನಲ್ಲಿ ಅದು ಇಲ್ಲಿ ‘ನಡುವೆ’ ಅನ್ನುವ ಅರ್ಥಕ್ಕೆ ಬಂದಿರಲಿಲ್ಲ. ಕೊಲ್ಲುವುದಕ್ಕೆ ಬಿರುಸು ಕೊಟ್ಟು ‘ಒಬ್ಬರೂ ಉಳಿಯದಂತೆ ಕೊಲ್ಲು’ ಅನ್ನಿಸುತ್ತಿತ್ತು. ಸ್ಯಾಮ್ಯುಯೆಲ್ ಬಟ್ಲರ್ ಎಂಬ ಇಂಗ್ಲಿಷ್ ಕವಿ 1663ರಲ್ಲಿ ಬಂದ ತನ್ನ ‘ಹ್ಯೂಡಿಬ್ರಾಸ್’ ಕಾವ್ಯದಲ್ಲಿ ಈ ಪದವನ್ನು ಯುದ್ಧಕ್ಕೆ ಜೋಡಿಸಿ ಬಳಸಿದ. ಆಗಿನ ಅರ್ಥ ಘೋರ, ರಕ್ತಮಯ ಅಂತ ಅಷ್ಟೇ. ಡಾಕ್ಟರ್ ಜಾನ್ಸನ್ 1755ರಲ್ಲಿ ತಮ್ಮ ದೊಡ್ಡ ಡಿಕ್ಷನರಿ ಹೊರತಂದಾಗ ‘ಇಂಟರ್’ ಅನ್ನು ‘ಪರಸ್ಪರ’ ಎಂದು ಹಿಡಿದು, ಒಬ್ಬರನ್ನೊಬ್ಬರು ನಾಶಮಾಡಲು ಹೊರಟ ಅನ್ನುವ ಅರ್ಥ ಕೊಟ್ಟರು. ಜಾನ್ಸನ್ ಮಾತಿಗಿದ್ದ ತೂಕ ಎಷ್ಟೆಂದರೆ ಅದೇ ನಿಂತಿತು. ‘ಒಂದೇ ಗುಂಪಿನೊಳಗೆ’ ಅನ್ನುವ ಭಾವ ಅದಕ್ಕೆ ಸೇರಿಕೊಂಡದ್ದು ಇನ್ನೂ ಈಚೆಗೆ.

ಎಚ್ಚರ: ‘ಮೂಲ ಅರ್ಥವೇ ಸರಿ, ಈಗಿನದು ತಪ್ಪು’ ಎಂದು ಯಾರಾದರೂ ವಾದಕ್ಕೆ ಬಂದರೆ ಸಿಕ್ಕಿಹಾಕಿಕೊಳ್ಳಬೇಡಿ. ಇವತ್ತಿನ ಡಿಕ್ಷನರಿಗಳೆಲ್ಲ ಈಗಿನ ಅರ್ಥವನ್ನು ಒಪ್ಪಿವೆ. ಹಳೆಯ ಪುಸ್ತಕ ಓದುವಾಗ ಮಾತ್ರ, ಎರಡು ಬೇರೆಬೇರೆ ದೇಶಗಳ ಕಾಳಗಕ್ಕೂ ಈ ಪದ ಬಂದಿದ್ದರೆ ‘ಘೋರ’ ಎಂದು ತಿಳಿದುಕೊಂಡು ಮುಂದೆ ಹೋಗಿ.

ಹಂತ 5: ನಿಜವಾಗಿ ನಡೆದದ್ದರ ಮೇಲೆ ಚೌಕ ಇಟ್ಟು ನೋಡಿ

ಮೊದಲು ಬೀದರ್‌ಗೆ ಹೋಗೋಣ. ಬಹಮನಿ ಆಸ್ಥಾನದಲ್ಲಿ ಎರಡು ಬಣ ಇದ್ದವು. ಮೊದಲಿನಿಂದ ಇಲ್ಲೇ ನೆಲೆಸಿದ್ದ ದಖನಿಗಳು ಒಂದು, ಇರಾನ್ ಕಡೆಯಿಂದ ಹೊಸದಾಗಿ ಬಂದ ಆಫಾಕಿಗಳು ಇನ್ನೊಂದು. ದೊಡ್ಡ ವಜೀರ ಮಹಮೂದ್ ಗಾವಾನ್ ತಾನೇ ಆಫಾಕಿಯಾದರೂ ಹುದ್ದೆಗಳನ್ನು ಎರಡೂ ಬಣಕ್ಕೆ ಹಂಚಲು ನೋಡಿದ. ಬಿಜಾಪುರದಲ್ಲಿದ್ದ ಇತಿಹಾಸಕಾರ ಫೆರಿಶ್ತಾ ಮುಂದಿನದನ್ನು ಹೀಗೆ ಬರೆಯುತ್ತಾನೆ: ದಖನಿ ಬಣದವರು ಗಾವಾನನ ಮುದ್ರೆ ನೋಡಿಕೊಳ್ಳುತ್ತಿದ್ದವನನ್ನು ಪುಸಲಾಯಿಸಿ, ಕುಡಿಸಿ, ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ರಾಜ್ಯದ ಮೇಲೆ ದಂಡೆತ್ತಿ ಬಾ ಎಂದು ಒಡಿಶಾದ ರಾಜನಿಗೆ ಗಾವಾನನೇ ಬರೆದಂತೆ ಅದರಲ್ಲಿ ಬರೆಸಿದರು. ಸುಲ್ತಾನ ಮೂರನೇ ಮುಹಮ್ಮದ್ ಷಾ ಕಾಗದ ನಂಬಿದ. 1481ರಲ್ಲಿ ಗಾವಾನನ ತಲೆ ಉರುಳಿತು. ಮರುವರ್ಷ ಸುಲ್ತಾನನೂ ತೀರಿಕೊಂಡ. ಬಣಗಳ ಹಗೆ ಮುಂದುವರಿಯಿತು, ರಾಜ್ಯ ಕೊನೆಗೆ ಬಿಜಾಪುರ, ಅಹ್ಮದ್‌ನಗರ, ಬೇರಾರ್, ಬೀದರ್, ಗೋಲ್ಕೊಂಡ ಎಂದು ಐದು ಹೋಳಾಯಿತು. ಗಾವಾನ್ ಕಟ್ಟಿಸಿದ ಮದರಸಾದ ಒಂದು ಮಿನಾರು ಬೀದರಿನಲ್ಲಿ ಇವತ್ತೂ ನಿಂತಿದೆ.

ಒಂದೇ ಮನೆಯವರೇ? ಹೌದು, ಒಂದೇ ಆಸ್ಥಾನ. ಎಲ್ಲರಿಗೂ ನಾಶವೇ? ಹೌದು, ಯಾವ ರಾಜ್ಯದ ಅಧಿಕಾರಕ್ಕೆ ಕಚ್ಚಾಡಿದರೋ ಆ ರಾಜ್ಯವೇ ಉಳಿಯಲಿಲ್ಲ. ಹಾಗಾದರೆ ‘ಇಂಟರ್‌ನೀಸೈನ್ ರೈವಲ್ರಿ’ ಅಂತ ಧೈರ್ಯವಾಗಿ ಬರೆಯಬಹುದು.

ಇನ್ನೊಂದು ಉದಾಹರಣೆ ಸ್ಪೇನ್‌ನದು. 1936ರಿಂದ 1939ರವರೆಗೆ ಅಲ್ಲಿ ಅಂತರ್ಯುದ್ಧ. ಜನರಲ್ ಫ್ರಾಂಕೋ ಒಂದು ಕಡೆ, ಗಣರಾಜ್ಯ ಇನ್ನೊಂದು ಕಡೆ. ಫ್ರಾಂಕೋ ವಿರುದ್ಧ ಒಟ್ಟಾಗಿ ನಿಲ್ಲಬೇಕಿದ್ದ ಅರಾಜಕತಾವಾದಿಗಳು, ಕಮ್ಯುನಿಸ್ಟರು ಮತ್ತಿತರ ಎಡ ಗುಂಪುಗಳು 1937ರ ಮೇ ತಿಂಗಳಲ್ಲಿ ಬಾರ್ಸಿಲೋನಾದ ಬೀದಿಗಳಲ್ಲಿ ತಮ್ಮತಮ್ಮಲ್ಲೇ ಗುಂಡು ಹಾರಿಸಿಕೊಂಡರು. ಶುರುವಾದದ್ದು ನಗರದ ಟೆಲಿಫೋನ್ ಎಕ್ಸ್‌ಚೇಂಜ್ ಯಾರ ಕೈಯಲ್ಲಿರಬೇಕು ಅನ್ನುವುದರಿಂದ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಆಗ ಅಲ್ಲೇ ಇದ್ದರು. ಯುದ್ಧಭೂಮಿಯಿಂದ ರಜೆ ಮೇಲೆ ಬಂದವರು ಒಂದು ಸಿನಿಮಾ ಮಂದಿರದ ಛಾವಣಿಯಲ್ಲಿ ಬಂದೂಕು ಹಿಡಿದು ಕಾವಲು ಕೂರಬೇಕಾಯಿತು, ಅದೂ ಎದುರುಗಡೆಯ ಶತ್ರುವಿಗಲ್ಲ, ತಮ್ಮದೇ ಪಾಳೆಯದವರಿಗೆ. ‘ಹೋಮೇಜ್ ಟು ಕ್ಯಾಟಲೋನಿಯಾ’ದಲ್ಲಿ ಅದನ್ನೆಲ್ಲ ಬರೆದಿದ್ದಾರೆ. ಎರಡು ವರ್ಷದೊಳಗೆ ಫ್ರಾಂಕೋ ಗೆದ್ದ. ಈ ಎಡಪಕ್ಷಗಳ ಜಗಳಕ್ಕೂ ಎರಡು ಟಿಕ್ ಹಾಕಿ.

ಈಗ ಒಂದು ತದ್ವಿರುದ್ಧ ಉದಾಹರಣೆ. 1999ರ ಕಾರ್ಗಿಲ್ ಯುದ್ಧ ಇಂಟರ್‌ನೀಸೈನ್ ಹೌದೇ? ಅಲ್ಲ. ಎರಡು ದೇಶಗಳು, ಎರಡು ಸೇನೆಗಳು. ಮೊದಲ ಚೌಕವೇ ಖಾಲಿ.

ಹಂತ 6: ಪದದ ಜೊತೆಗಾರರನ್ನು ಬರೆದುಕೊಳ್ಳಿ

ಈ ಪದ ಒಂಟಿಯಾಗಿ ಓಡಾಡುವುದಿಲ್ಲ. ಅದರ ಬಲಗಡೆ ಬರುವ ನಾಮಪದಗಳು ಬಹುಮಟ್ಟಿಗೆ ಗೊತ್ತಾದವೇ: ವಾರ್, ವಾರ್‌ಫೇರ್, ಸ್ಟ್ರೈಫ್, ಫ್ಯೂಡ್, ಕಾನ್‌ಫ್ಲಿಕ್ಟ್, ರೈವಲ್ರಿ, ಕ್ವಾರಲ್ಸ್. ಇಷ್ಟನ್ನು ಒಂದರ ಕೆಳಗೆ ಒಂದು ಬರೆದು, ಪ್ರತಿಯೊಂದರ ಹಿಂದೆ ನಮ್ಮ ಪದ ಇಟ್ಟು ಗಟ್ಟಿಯಾಗಿ ಓದಿ. ‘ಇಂಟರ್‌ನೀಸೈನ್ ಸ್ಟ್ರೈಫ್’, ‘ಇಂಟರ್‌ನೀಸೈನ್ ಫ್ಯೂಡ್’. ಕಿವಿಗೆ ರೂಢಿಯಾದರೆ ಪೆನ್ನಿಗೂ ರೂಢಿಯಾಗುತ್ತದೆ.

ಎಚ್ಚರ: ಕಲಿಯುವವರು ಜಾರುವುದು ಹೆಚ್ಚಾಗಿ ಇಲ್ಲೇ. ‘ದಿ ಪಾರ್ಟಿ ಈಸ್ ಇಂಟರ್‌ನೀಸೈನ್’ ಅಂತ ಬರೆಯಬೇಡಿ. ಪಕ್ಷ ಇಂಟರ್‌ನೀಸೈನ್ ಆಗುವುದಿಲ್ಲ, ಪಕ್ಷದ ಜಗಳ ಆಗುತ್ತದೆ. ಹಿಂದೆ ‘ವೆರಿ’, ‘ಮೋರ್’ ಸೇರಿಸಬೇಡಿ. ನಾಶದಲ್ಲಿ ಸ್ವಲ್ಪ ನಾಶ, ಜಾಸ್ತಿ ನಾಶ ಅಂತ ಅಳತೆ ಇಲ್ಲಿ ಹೊಂದುವುದಿಲ್ಲ. ‘ಇಂಟರ್ನಲ್ ಇಂಟರ್‌ನೀಸೈನ್ ಫೈಟ್’ ಅಂದರೆ ಒಳಗಿನ ಒಳಜಗಳ ಅಂದಂತೆ. ಒಂದು ಪದ ತೆಗೆದುಹಾಕಿ.

ಮನೆಯ ಹೆಸರು ಹೇಳುವಾಗ ‘ವಿದಿನ್’ ಬಳಸಿ, ಬಣಗಳ ಹೆಸರು ಹೇಳುವಾಗ ‘ಬಿಟ್ವೀನ್’ ಬಳಸಿ. ‘ಇಂಟರ್‌ನೀಸೈನ್ ಸ್ಟ್ರೈಫ್ ವಿದಿನ್ ದಿ ಬಹಮನಿ ಕೋರ್ಟ್’ ಸರಿ. ‘ಬಿಟ್ವೀನ್ ದಿ ದಖನೀಸ್ ಆ್ಯಂಡ್ ದಿ ಆಫಾಕೀಸ್’ ಕೂಡ ಸರಿ.

ಹಂತ 7: ಸಮಾನಾರ್ಥಕಗಳನ್ನು ಒಂದೊಂದಾಗಿ ತೂಗಿ

ಥೆಸಾರಸ್ ತೆರೆದರೆ ಹತ್ತಾರು ಪದಗಳು ಒಂದೇ ಸಾಲಿನಲ್ಲಿ ಬಂದು ಬೀಳುತ್ತವೆ. ಎಲ್ಲ ಒಂದೇ ಅನ್ನಿಸುತ್ತದೆ. ಗಾಬರಿಯಾಗಬೇಡಿ. ಪ್ರತಿ ಪದಕ್ಕೂ ಅದೇ ಎರಡು ಚೌಕ ಇಡಿ.

‘ಇಂಟರ್ನಲ್’ ಎಲ್ಲಕ್ಕಿಂತ ಸಾಧು. ಜಗಳ ಒಳಗಿದೆ ಅಂತ ಮಾತ್ರ ಹೇಳುತ್ತದೆ, ಹಾನಿಯ ಮಾತೇ ಎತ್ತುವುದಿಲ್ಲ. ‘ಫ್ಯಾಕ್ಷನಲ್’ ಅಂದರೆ ಬಣಗಳದ್ದು. ನಮ್ಮ ರಾಜಕೀಯ ವರದಿಗಳ ‘ಬಣ ಬಡಿದಾಟ’ಕ್ಕೆ ಹತ್ತರಲ್ಲಿ ಒಂಬತ್ತು ಸಲ ಇದೇ ಸಾಕು. ನನ್ನ ಅಭಿಪ್ರಾಯ ಕೇಳಿದರೆ, ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಇಂಟರ್‌ನೀಸೈನ್’ ಎಂದು ಬರೆದ ಎಷ್ಟೋ ಕಡೆ ‘ಫ್ಯಾಕ್ಷನಲ್’ ಇದ್ದರೆ ಹೆಚ್ಚು ನಿಜವಾಗುತ್ತಿತ್ತು. ಟಿಕೆಟ್ ಸಿಗದೆ ನಾಲ್ಕು ಜನ ಮುನಿಸಿಕೊಂಡರೆ ಅದು ಕುಲನಾಶವಲ್ಲ.

‘ಫ್ಯಾಕ್ಷಸ್’ ಮತ್ತು ‘ಫ್ರ್ಯಾಕ್ಷಸ್’ ನಡುವೆ ಇರುವುದು ಒಂದು ‘ಆರ್’ ಅಕ್ಷರ, ಹುಷಾರಾಗಿರಿ. ಮೊದಲನೆಯದು ಗುಂಪುಗಾರಿಕೆ ಮಾಡುವ ಸ್ವಭಾವದವರಿಗೆ. ಎರಡನೆಯದು ಸಿಡುಕುವ, ರಂಪ ಮಾಡುವವರಿಗೆ. ನಿದ್ದೆಗೆಟ್ಟು ಹಟ ಮಾಡುವ ಮಗು ‘ಫ್ರ್ಯಾಕ್ಷಸ್’, ‘ಫ್ಯಾಕ್ಷಸ್’ ಅಲ್ಲ.

‘ಡಿವೈಸಿವ್’ ಜಗಳವನ್ನು ಬಣ್ಣಿಸುವುದಿಲ್ಲ, ಜಗಳಕ್ಕೆ ಕಾರಣವಾದದ್ದನ್ನು ಬಣ್ಣಿಸುತ್ತದೆ. ಒಡಕು ಹುಟ್ಟಿಸುವ ಭಾಷಣ, ಒಡಕು ಹುಟ್ಟಿಸುವ ತೀರ್ಮಾನ. ‘ಸೆಕ್ಟೇರಿಯನ್’ ಪಂಥ, ಮತಗಳ ಜಗಳಕ್ಕೆ. ‘ಸಿವಿಲ್’ ಒಂದೇ ದೇಶದ ಪ್ರಜೆಗಳ ನಡುವಿನದಕ್ಕೆ, ಅದೂ ‘ವಾರ್’ ಅಥವಾ ‘ಸ್ಟ್ರೈಫ್’ ಜೊತೆಗಿದ್ದಾಗ. ‘ಸಿವಿಲ್ ಡಿಸ್ಪ್ಯೂಟ್’ ಅಂದರೆ ಕೋರ್ಟಿನ ಸಿವಿಲ್ ದಾವೆ ಆಗಿಬಿಡುತ್ತದೆ.

‘ಫ್ರ್ಯಾಟ್ರಿಸೈಡಲ್’ ನಮ್ಮ ಪದಕ್ಕೆ ತೀರ ಹತ್ತಿರದ್ದು. ‘ಫ್ರಾಟರ್’ ಅಂದರೆ ಅಣ್ಣತಮ್ಮ, ನಮ್ಮ ‘ಭ್ರಾತೃ’ವಿನ ನೆಂಟ. ಭ್ರಾತೃಹತ್ಯೆಯ ಅಂತ ಅರ್ಥ. ಷಹಜಹಾನ್ 1657ರಲ್ಲಿ ಕಾಯಿಲೆ ಬಿದ್ದಾಗ ನಾಲ್ವರು ಮಕ್ಕಳು ಪಟ್ಟಕ್ಕೆ ಹೊಡೆದಾಡಿದರು. ಔರಂಗಜೇಬ್ ದಾರಾನನ್ನೂ ಮುರಾದನನ್ನೂ ಕೊಲ್ಲಿಸಿದ, ಶೂಜಾ ಅರಾಕಾನಿಗೆ ಓಡಿಹೋದ. ಇದು ಅಕ್ಷರಶಃ ಫ್ರ್ಯಾಟ್ರಿಸೈಡಲ್. ಆದರೆ ಇಂಟರ್‌ನೀಸೈನ್ ಎನ್ನುವ ಮೊದಲು ಯೋಚಿಸಿ. ಗೆದ್ದ ಔರಂಗಜೇಬ್ 1707ರವರೆಗೆ ಆಳಿದ, ಅವನ ಕಾಲದಲ್ಲಿ ಸಾಮ್ರಾಜ್ಯ ಇನ್ನೂ ಹಿಗ್ಗಿತು. ನಾನಾದರೆ ಎರಡನೇ ಚೌಕಕ್ಕೆ ಅರ್ಧ ಟಿಕ್ ಹಾಕಿ, ‘ಫ್ರ್ಯಾಟ್ರಿಸೈಡಲ್’ ಆರಿಸಿಕೊಳ್ಳುತ್ತೇನೆ.

‘ಮ್ಯೂಚುಯಲಿ ಡಿಸ್ಟ್ರಕ್ಟಿವ್’ ಇದರ ಉಲ್ಟಾ. ಇಬ್ಬರಿಗೂ ನಾಶ ಇದೆ, ಒಂದೇ ಮನೆ ಆಗಿರಬೇಕಿಲ್ಲ. ಬೆಲೆ ಇಳಿಸಿ ಇಳಿಸಿ ಎರಡು ಕಂಪನಿಗಳು ಮುಳುಗಿದರೆ ಇದು ಹೊಂದುತ್ತದೆ. ಹಳೆಯ ಪುಸ್ತಕಗಳಲ್ಲಿ ‘ಇಂಟೆಸ್ಟೈನ್ ಸ್ಟ್ರೈಫ್’ ಕಂಡರೆ ಕರುಳಿನ ಕಾಯಿಲೆ ಅಂದುಕೊಳ್ಳಬೇಡಿ, ಒಳಜಗಳವೇ. ಓದಿ ತಿಳಿದುಕೊಳ್ಳಿ, ಬಳಸಬೇಡಿ. ಇನ್ನು ‘ಇನ್‌ಫೈಟಿಂಗ್’ ವಿಶೇಷಣವಲ್ಲ, ನಾಮಪದ. ‘ಒಳಕಚ್ಚಾಟ’ ಎಂಬ ಕನ್ನಡಕ್ಕೆ ಸರಿಯಾಗಿ ಕೂರುತ್ತದೆ.

ಹಂತ 8: ಕನ್ನಡದಿಂದ ಹೊರಟು ನೋಡಿ

ಎಡಗಡೆ ಕನ್ನಡದ ಮಾತು, ಬಲಗಡೆ ಇಂಗ್ಲಿಷ್ ಬರೆಯಿರಿ. ‘ಒಳಜಗಳ’ಕ್ಕೆ ಇಂಟರ್ನಲ್ ಡಿಸ್ಪ್ಯೂಟ್ ಅಥವಾ ಇನ್‌ಫೈಟಿಂಗ್. ‘ಭಿನ್ನಮತ’ಕ್ಕೆ ಡಿಸೆಂಟ್. ‘ಮನೆಯೊಂದು ಮೂರು ಬಾಗಿಲು’ ಅನ್ನುವಂಥ ಸ್ಥಿತಿಗೆ ‘ಡಿವೈಡೆಡ್’ ಸಾಕು, ಅಲ್ಲಿ ಒಡಕಿದೆ, ಇನ್ನೂ ಹೊಡೆದಾಟವಿಲ್ಲ. ‘ದಾಯಾದಿ ಕಲಹ’ಕ್ಕೆ ಫ್ಯಾಮಿಲಿ ಫ್ಯೂಡ್. ಅದು ಮನೆಯನ್ನೇ ಬೀದಿಗೆ ತಂದಿದ್ದರೆ ಇಂಟರ್‌ನೀಸೈನ್ ಫ್ಯೂಡ್. ‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂಬ ಗಾದೆ ಹತ್ತಿರ ಬರುತ್ತದೆ, ಆದರೆ ಅದು ಮನೆಗೆ ಕೇಡು ತರುವ ಒಬ್ಬನ ಮಾತು. ಇಂಟರ್‌ನೀಸೈನ್ ಆಗಬೇಕಾದರೆ ಎರಡೂ ಕಡೆಯಿಂದ ಕೊಡಲಿ ಎದ್ದಿರಬೇಕು.

ಎಚ್ಚರ: ಇಂಗ್ಲಿಷ್‌ನಿಂದ ಕನ್ನಡಕ್ಕೆ ತರುವಾಗ ಬರೀ ‘ಆಂತರಿಕ’ ಅಂತ ಹಾಕಿ ಕೈತೊಳೆದುಕೊಳ್ಳಬೇಡಿ. ನಾಶದ ಚೌಕ ಉದುರಿಹೋಗುತ್ತದೆ. ‘ಯಾದವೀ ಕಲಹ’, ‘ಕುಲಘಾತಕ ಜಗಳ’, ‘ತಮ್ಮತಮ್ಮಲ್ಲೇ ಬಡಿದಾಡಿ ಹಾಳಾದರು’ ಇವುಗಳಲ್ಲಿ ವಾಕ್ಯಕ್ಕೆ ಹೊಂದುವುದನ್ನು ಆರಿಸಿ.

ಹಂತ 9: ಈಗ ನೀವೇ ನಿರ್ಧರಿಸಿ

ಕೆಳಗಿನ ನಾಲ್ಕನ್ನು ಓದಿ, ಉತ್ತರ ನೋಡುವ ಮೊದಲು ನೋಟ್‌ಬುಕ್ಕಿನಲ್ಲಿ ಪದ ಬರೆಯಿರಿ. ತಪ್ಪಾದರೆ ಪರವಾಗಿಲ್ಲ, ಯಾವ ಚೌಕ ಮರೆತಿರಿ ಎಂದು ಮಾತ್ರ ನೋಡಿಕೊಳ್ಳಿ.

ಒಂದು: ಒಂದು ಸಹಕಾರ ಸಂಘದ ನಿರ್ದೇಶಕರು ಎರಡು ಗುಂಪಾಗಿ, ಒಬ್ಬರ ಮೇಲೊಬ್ಬರು ಕೇಸು ಹಾಕಿಕೊಂಡು, ಕೊನೆಗೆ ಸಂಘವೇ ಬಾಗಿಲು ಮುಚ್ಚಿತು.

ಎರಡು: ಯಾವ ನಾಟಕ ಆಡಬೇಕು ಎಂದು ಹವ್ಯಾಸಿ ತಂಡದಲ್ಲಿ ಜಗಳವಾಯಿತು, ಮರುದಿನ ರಾಜಿಯಾಯಿತು.

ಮೂರು: ಅಕ್ಕಪಕ್ಕದ ಎರಡು ರಾಜ್ಯಗಳು ಗಡಿಗಾಗಿ ಯುದ್ಧಮಾಡಿ ಎರಡೂ ಬರಿದಾದವು.

ನಾಲ್ಕು: ಅಣ್ಣತಮ್ಮಂದಿರು ಪಿತ್ರಾರ್ಜಿತ ಜಮೀನಿಗೆ ಕೋರ್ಟು ಹತ್ತಿ, ವಕೀಲರ ಫೀಸಿಗೆ ಅದೇ ಜಮೀನು ಮಾರಿದರು.

ಉತ್ತರಗಳು. ಒಂದನೆಯದು ಇಂಟರ್‌ನೀಸೈನ್, ಎರಡೂ ಟಿಕ್ ಇವೆ. ಎರಡನೆಯದಕ್ಕೆ ‘ಇಂಟರ್ನಲ್’ ಸಾಕು, ಏನೂ ಹಾಳಾಗಿಲ್ಲ. ಮೂರನೆಯದು ‘ಮ್ಯೂಚುಯಲಿ ಡಿಸ್ಟ್ರಕ್ಟಿವ್’, ನಾಶ ಇದೆ, ಮನೆ ಬೇರೆಬೇರೆ. ನಾಲ್ಕನೆಯದರಲ್ಲಿ ಹೆಚ್ಚಿನವರು ಅಣ್ಣತಮ್ಮಂದಿರನ್ನು ಕಂಡು ‘ಫ್ರ್ಯಾಟ್ರಿಸೈಡಲ್’ ಬರೆಯುತ್ತಾರೆ. ಇಲ್ಲಿ ಯಾರೂ ಯಾರನ್ನೂ ಕೊಂದಿಲ್ಲ, ಹೋದದ್ದು ಜಮೀನು, ಅದೂ ಇಬ್ಬರದ್ದೂ. ‘ಇಂಟರ್‌ನೀಸೈನ್ ಫ್ಯೂಡ್’ ಎಂದು ಬರೆಯಿರಿ.